ಗೃಹಸಾಲಕ್ಕೆ ವಿಮೆಯ ರಕ್ಷೆ: ಬೇಕೇ, ಬೇಡವೇ?

ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆನಿಂತ ನಮ್ಮವರ ಪಾಲಿಗೆ ಸ್ವಂತ ಮನೆ ಜೀವಮಾನದ ದುಡಿಮೆಯ ಫಲ. ಆ ಮನೆಯ ಮೇಲೆ ಇಪ್ಪತ್ತು ವರ್ಷಗಳ ಸಾಲವಿರುವಾಗ ದುಡಿಯುವವರೇ ಅಕಾಲದಲ್ಲಿ ಇಲ್ಲವಾದರೆ ಕಂತು ಕಟ್ಟುವವರು ಯಾರು? ತೊಂಬತ್ತು ದಿನಗಳ ಕಾಲ ಕಂತು ಬಾರದಿದ್ದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬಳಿಕ 2002ರ ಸರ್ಫೇಸಿ ಕಾಯಿದೆಯಂತೆ ಅರುವತ್ತು ದಿನಗಳ ನೋಟಿಸು ನೀಡಿ ಮನೆಯನ್ನು ವಶಪಡಿಸಿಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಈ ಅಪಾಯಕ್ಕೆ ಪರಿಹಾರವೆಂದು ಸಾಲದ ಜೊತೆಗೇ ಮುಂದಿಡಲಾಗುವುದು ಗೃಹಸಾಲ ವಿಮೆ.

ಸ್ವರೂಪ

ಇದು ಸಾಮಾನ್ಯವಾಗಿ ಬ್ಯಾಂಕಿನ ಸಾಲಗಾರರಿಗಾಗಿ ಇರುವ ಸಮೂಹ ಜೀವವಿಮೆ. ಒಂದೇ ಬಾರಿಗೆ ಪ್ರೀಮಿಯಂ ಕಟ್ಟಬೇಕು. ಸಾಲದ ಬಾಕಿ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಸಾಲಗಾರರು ಮರಣ ಹೊಂದಿದರೆ ಹಣ ಮೊದಲು ಸಾಲಕ್ಕೆ ಜಮೆಯಾಗುತ್ತದೆ. ಉದ್ಯೋಗನಷ್ಟದ ರಕ್ಷೆಯನ್ನೂ ಕೆಲವರು ಸೇರಿಸುತ್ತಾರೆ. ಆದರೆ ಅದು ಬಹುಮಟ್ಟಿಗೆ ಕೆಲವೇ ಕಂತುಗಳಿಗೆ ಸೀಮಿತ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಅನ್ವಯಿಸದು.

ಸಾಲ ಪಡೆಯಲು ಜೀವವಿಮೆ ಕಡ್ಡಾಯವೆಂದು ಯಾವ ಕಾನೂನೂ ಹೇಳುವುದಿಲ್ಲ. ಬೆಂಕಿ, ನೆರೆ, ಭೂಕಂಪಗಳಿಂದ ಕಟ್ಟಡಕ್ಕೆ ರಕ್ಷೆ ನೀಡುವ ವಿಮೆ ಬೇರೆಯೇ ಆಗಿದ್ದು, ಅದನ್ನು ಸಾಲಪತ್ರದಲ್ಲಿ ಷರತ್ತಾಗಿ ವಿಧಿಸುವುದುಂಟು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಆ ಬಗೆಯದು.

ವೆಚ್ಚದ ಲೆಕ್ಕ

ಪ್ರೀಮಿಯಂ ಹಣವನ್ನು ಸಾಲಕ್ಕೇ ಸೇರಿಸುವುದು ರೂಢಿ. ಉದಾಹರಣೆಗೆ 1.5 ಲಕ್ಷ ರೂಪಾಯಿ ಪ್ರೀಮಿಯಂ ಅನ್ನು ಶೇಕಡಾ 8.5ರ ಬಡ್ಡಿಯಂತೆ 20 ವರ್ಷಗಳ ಸಾಲಕ್ಕೆ ಸೇರಿಸಿದರೆ ತಿಂಗಳ ಕಂತು ಸುಮಾರು 1,300 ರೂಪಾಯಿ ಹೆಚ್ಚುತ್ತದೆ; ಅವಧಿ ಮುಗಿಯುವಾಗ ಕಟ್ಟಿದ ಮೊತ್ತ 3.12 ಲಕ್ಷವಾಗಿರುತ್ತದೆ. ಆದುದರಿಂದ ವಿಮೆ ಬೇಕೆಂದಾದರೆ ಪ್ರೀಮಿಯಂ ಅನ್ನು ಕೈಯಿಂದಲೇ ಕಟ್ಟುವುದು ಲೇಸು.

ಇದರೊಡನೆ ಟರ್ಮ್ ಪಾಲಿಸಿಯನ್ನು ಹೋಲಿಸಿ ನೋಡಬೇಕು. ಇದೇ ಬಡ್ಡಿಯಲ್ಲಿ 50 ಲಕ್ಷ ಸಾಲ ಪಡೆದವರ ಬಾಕಿ ಹತ್ತು ವರ್ಷಗಳ ಬಳಿಕವೂ ಸುಮಾರು 35 ಲಕ್ಷ ಇರುತ್ತದೆ. ಆಗ ಮರಣ ಸಂಭವಿಸಿದರೆ ಇಳಿಯುವ ವಿಮೆಯಿಂದ ಸಾಲವಷ್ಟೇ ತೀರುತ್ತದೆ. 50 ಲಕ್ಷದ ಟರ್ಮ್ ಪಾಲಿಸಿಯಿದ್ದರೆ ಸಾಲ ತೀರಿ 15 ಲಕ್ಷ ಕುಟುಂಬಕ್ಕೆ ಉಳಿಯುತ್ತದೆ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ ಟರ್ಮ್ ಪಾಲಿಸಿಗೆ ಬಾಧೆಯಿಲ್ಲ. ವೈಯಕ್ತಿಕ ಜೀವವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ; ಸಮೂಹ ವಿಮೆಗೆ ಆ ವಿನಾಯಿತಿ ದೊರೆತಿಲ್ಲ.

ಯಾರಿಗೆ ಸೂಕ್ತ?

ಸಾಲವನ್ನೂ ಮನೆಖರ್ಚನ್ನೂ ಭರಿಸುವಷ್ಟು ಟರ್ಮ್ ವಿಮೆ ಈಗಾಗಲೇ ಇರುವವರಿಗೆ, ಅವಲಂಬಿತರಿಲ್ಲದವರಿಗೆ ಇದರ ಅಗತ್ಯ ಕಡಿಮೆ. ಆರೋಗ್ಯವಂತ ಯುವಕರಿಗೆ ಟರ್ಮ್ ಪಾಲಿಸಿಯೇ ಮೇಲು. ವಯಸ್ಸು ಐವತ್ತರ ಆಸುಪಾಸಿಗೆ ಬಂದು, ಮಧುಮೇಹವೋ ರಕ್ತದೊತ್ತಡವೋ ಇದ್ದು, ಟರ್ಮ್ ಪಾಲಿಸಿ ದುಬಾರಿಯಾದವರಿಗೆ ಗೃಹಸಾಲ ವಿಮೆ ಉಪಯುಕ್ತವಾಗಬಹುದು. ಆದರೆ ಕಾಯಿಲೆಯನ್ನು ಮುಚ್ಚಿಡಬಾರದು. ಪಾಲಿಸಿಗೆ ಮೂರು ವರ್ಷ ತುಂಬುವ ತನಕ ಅದನ್ನು ಪ್ರಶ್ನಿಸುವ ಹಕ್ಕು ವಿಮಾ ಕಂಪೆನಿಗಿದೆ.

ಗಮನಿಸಬೇಕಾದ ಅಂಶಗಳು

ಪತಿ-ಪತ್ನಿಯರ ಜಂಟಿ ಸಾಲವಾದರೆ ಇಬ್ಬರ ಹೆಸರೂ ವಿಮೆಯಲ್ಲಿದೆಯೇ ಎಂದು ನೋಡಿರಿ. ಸಹಸಾಲಗಾರರ ಮೇಲೆ ಪೂರ್ಣ ಬಾಕಿಯ ಹೊಣೆಯಿರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇಕಡಾ 4ರಿಂದ 6.5ಕ್ಕೆ ಏರಿ ಅನೇಕರ ಸಾಲದ ಅವಧಿ ಹಿಗ್ಗಿತು. ಆರಂಭದಲ್ಲೇ ನಿಗದಿಯಾದ ಇಳಿಕೆಯ ಪಟ್ಟಿ ಹಾಗೆ ಹಿಗ್ಗುವುದಿಲ್ಲ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸುವ ಅವಕಾಶವಿದೆ. ಸಾಲ ಮುಂಚಿತವಾಗಿ ತೀರಿದರೆ ಎಷ್ಟು ಹಣ ಮರಳುವುದೆಂದು ಮೊದಲೇ ಕೇಳಿ ತಿಳಿಯಿರಿ.

ಕೊನೆಯದಾಗಿ ಒಂದು ಮಾತು. ಹಲವು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಒಡವೆ ಮಾರಿದ ಹಣದಿಂದ ಕಂತು ಕಟ್ಟಲು ನನ್ನ ಮೇಜಿನೆದುರು ಬಂದು ನಿಂತಿದ್ದರು. ಕಡತ ತೆರೆದಾಗ ಅದರಲ್ಲಿ ವಿಮಾಪತ್ರವಿತ್ತು. ಅದರ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಲವೇನೋ ತೀರಿತು, ಮಾರಿದ ಒಡವೆ ಮರಳಲಿಲ್ಲ. ಯಾವ ವಿಮೆಯನ್ನೇ ಆರಿಸಿಕೊಳ್ಳಿ, ಅದರ ವಿಷಯ ಮನೆಯವರೆಲ್ಲರಿಗೂ ತಿಳಿದಿರಲಿ.