ಅವಧಿಯ ಪತ್ರವೂ ಕುಟುಂಬದ ಪ್ರಯಾಣವೂ

ಸ್ವದೇಶವನ್ನು ಬಿಟ್ಟು ಪರದೇಶಕ್ಕೆ ಹೋಗುವ ವಿಷಯದಲ್ಲಿ ನಮ್ಮ ಪ್ರಾಚೀನರು ಏಕಾಭಿಪ್ರಾಯವುಳ್ಳವರಾಗಿರಲಿಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲೊಂದಾಗಿ ಎಣಿಸಿದೆ. ಆದರೆ ಔತ್ತರೇಯರಲ್ಲಿ ಅದು ರೂಢಿಯಾಗಿದ್ದಿತೆಂಬುದನ್ನೂ ಅದೇ ಗ್ರಂಥವು ಒಪ್ಪಿಕೊಂಡಿದೆ. ವಿದ್ಯಾವಂತರಂತೂ ತಮ್ಮ ವಿದ್ಯೆಗೆ ಮನ್ನಣೆ ದೊರೆಯುವ ನಾಡನ್ನು ಅರಸಿಕೊಂಡು ಹೋಗುತ್ತಲೇ ಇದ್ದರು. ಹನ್ನೊಂದನೆಯ ಶತಮಾನದಲ್ಲಿ ಬಿಲ್ಹಣನು ಕಾಶ್ಮೀರದಿಂದ ಹೊರಟು, ಮಥುರೆ ಕಾಶಿ ಮೊದಲಾದ ಸ್ಥಳಗಳನ್ನು ಸುತ್ತಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿ ‘ವಿದ್ಯಾಪತಿ’ ಎಂಬ ಪದವಿಯನ್ನು ಪಡೆದನು. ಕನ್ನಡನಾಡಿನ ಅರಸನ ಚರಿತ್ರೆಯಾದ ‘ವಿಕ್ರಮಾಂಕದೇವಚರಿತ’ವನ್ನು ಬರೆದ ಆ ಕವಿಯು, ಅದರ ಹದಿನೆಂಟನೆಯ, ಎಂದರೆ ಕಡೆಯ ಸರ್ಗದಲ್ಲಿ, ತನ್ನ ಕಾಶ್ಮೀರವನ್ನೂ ತನ್ನ ಮನೆತನದ ವೃತ್ತಾಂತವನ್ನೂ ವರ್ಣಿಸಿದ್ದಾನೆ. ಅನ್ನವೂ ಬಿರುದೂ ದೊರೆತ ನಾಡಿನಲ್ಲಿ ಕುಳಿತು ಹುಟ್ಟಿದ ನಾಡನ್ನು ನೆನೆಯುವ ಈ ರೀತಿಯು ನಮ್ಮ ಕಾಲದವರಿಗೂ ಅಪರಿಚಿತವಲ್ಲ.

ಬಿಲ್ಹಣನಿಗೆ ಯಾವ ಸರ್ಕಾರವೂ ‘ಇಷ್ಟು ವರ್ಷ ಮಾತ್ರ ಇರತಕ್ಕದ್ದು’ ಎಂದು ಪತ್ರವನ್ನು ಬರೆದು ಕೊಟ್ಟಿರಲಿಲ್ಲ. ಈಗಿನ ಪ್ರವಾಸದ ಲಕ್ಷಣವೇ ಆ ಪತ್ರ. ನಮ್ಮ ಶ್ರೀಮಂಗಲದ ಸುತ್ತಮುತ್ತಣ ಗ್ರಾಮಗಳಲ್ಲಿ, ಗದ್ದೆಯೂ ಕಾಫಿಯ ತೋಟವೂ ಇದ್ದ ಹಾಗೆಯೇ ಇದ್ದು, ಮನೆಯೊಳಗೆ ವೃದ್ಧ ದಂಪತಿಗಳಿಬ್ಬರೇ ಉಳಿದಿರುವುದನ್ನು ಎಷ್ಟೋ ಕಡೆ ಕಾಣಬಹುದು. ಮಕ್ಕಳು ಬೆಂಗಳೂರಿನಲ್ಲಿ ಓದಿ, ಅಲ್ಲಿಂದ ಅವಧಿಗೊಳಪಟ್ಟ ಉದ್ಯೋಗಪತ್ರವನ್ನು ಪಡೆದು, ಹೆಂಡತಿಮಕ್ಕಳೊಡನೆ ಪರದೇಶಕ್ಕೆ ಹೋಗಿರುವರು. ನಮ್ಮ ಮನೆಯೂ ಅಂತಹ ಮನೆಗಳಲ್ಲೊಂದು. ನಮ್ಮ ಮಗನು 2014ರಲ್ಲಿ ಮೂರು ವರ್ಷದ ಪತ್ರದ ಮೇಲೆ ಐದು ವರ್ಷದ ಮಗಳನ್ನು ಕರೆದುಕೊಂಡು ಸಂಸಾರಸಮೇತನಾಗಿ ಅಮೆರಿಕಾ ದೇಶಕ್ಕೆ ಹೋದನು. ಮೂರು ವರ್ಷಗಳು ಎಂದೋ ಮುಗಿದವು. ‘ಅಪ್ಪಾ, ನಾವು ಇರುವುದೇ, ಬರುವುದೇ? ನೀವು ಏನು ಹೇಳುತ್ತೀರಿ?’ ಎಂದು ಈಚೆಗೆ ಅವನು ನಮ್ಮನ್ನು ಕೇಳಿದನು. ಜನ್ಮವಿಡೀ ಪಾಠ ಹೇಳಿದ ನಮಗೆ ಈ ಪ್ರಶ್ನೆಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಪೂರ್ವೋದಾಹರಣೆಗಳನ್ನು ನೋಡೋಣವೆಂದು ಹೊರಟುದರ ಫಲವೇ ಈ ಲೇಖನ.

ದೂರ ಹುಡುಕಬೇಕಾದುದಿರಲಿಲ್ಲ. ಅನುಮತಿಯನ್ನು ಪಡೆದು ಮಗಳೊಡನೆ ಕಡಲನ್ನು ದಾಟಿದವರಲ್ಲಿ ಪ್ರಸಿದ್ಧನಾದವನೊಬ್ಬನು ಕೊಡಗಿನ ಕಡೆಯ ಅರಸನೇ. ಚಿಕವೀರ ರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದು, 1834ರಲ್ಲಿ ಕುಂಪಣಿಯವರ ಸೈನ್ಯಕ್ಕೆ ಶರಣಾಗತನಾಗಿ ರಾಜ್ಯವನ್ನು ಕಳೆದುಕೊಂಡುದು ಸರ್ವವಿದಿತವಾಗಿದೆ. 1956ರಲ್ಲಿ ಪ್ರಕಟವಾದ ಮಾಸ್ತಿಯವರ ಕಾದಂಬರಿಯ ಮೂಲಕ ಆ ಪತನದ ಕಥೆಯು ಮನೆಮನೆಯ ಮಾತಾಗಿದೆ. ಅನಂತರದ ಕಥೆಯನ್ನು ಬಲ್ಲವರು ಕಡಮೆ. ಅರಸನನ್ನು ಮೊದಲು ವೆಲ್ಲೂರಿಗೂ ಬಳಿಕ ಕಾಶಿಗೂ ಕಳುಹಿಸಿದರು. ಕಾಶಿಯಲ್ಲಿ 1841ರಲ್ಲಿ ಅವನಿಗೆ ಗೌರಮ್ಮನೆಂಬ ಮಗಳು ಹುಟ್ಟಿದಳು. ಮಗಳಿಗೆ ಇಂಗ್ಲಿಷ್ ವಿದ್ಯಾಭ್ಯಾಸವನ್ನು ಮಾಡಿಸಬೇಕೆಂಬುದೂ, ಕುಂಪಣಿಯವರಲ್ಲಿ ಇಟ್ಟಿದ್ದ ತನ್ನ ಮನೆತನದ ಹಣವನ್ನು ನ್ಯಾಯಸ್ಥಾನದ ಮೂಲಕ ಕೇಳಬೇಕೆಂಬುದೂ ಅವನ ಮನಸ್ಸಿನಲ್ಲಿದ್ದುವು. ಅವನು ಸರ್ಕಾರದ ಕಾವಲಿನಲ್ಲಿದ್ದವನಾದುದರಿಂದ ಗವರ್ನರ್ ಜನರಲ್ ಡಾಲ್‌ಹೌಸಿಯ ಅನುಮತಿಯಿಲ್ಲದೆ ಹೆಜ್ಜೆಯಿಡುವಂತಿರಲಿಲ್ಲ. ಅನುಮತಿಯು ದೊರೆಯಿತು, 1852ರಲ್ಲಿ ತಂದೆಯೂ ಹತ್ತು ವರ್ಷ ದಾಟಿದ ಮಗಳೂ ಇಂಗ್ಲೆಂಡನ್ನು ಮುಟ್ಟಿದರು.

ಮುಂದೆ ನಡೆದುದು ತಂದೆಯ ಎಣಿಕೆಯನ್ನು ಮೀರಿತು. ಅದೇ ವರ್ಷದ ಜೂನ್ 30ರಂದು ಗೌರಮ್ಮನಿಗೆ ಕ್ರೈಸ್ತಮತದ ದೀಕ್ಷೆಯಾಯಿತು. ಸ್ವತಃ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಮಗುವಿಗೆ ಕೊಟ್ಟಳು. ಅಂದಿನಿಂದ ಆಕೆ ತಂದೆಯ ಮನೆಯಲ್ಲಿರದೆ, ಗೊತ್ತುಮಾಡಿಕೊಟ್ಟ ಇಂಗ್ಲಿಷ್ ಗೃಹಸ್ಥರ ಪಾಲನೆಯಲ್ಲಿ ಬೆಳೆದಳು. ತಂದೆಯು 1859ರಲ್ಲಿ ಲಂಡನ್ನಿನಲ್ಲಿಯೇ ಮೃತನಾದನು. ಆತನ ಸಮಾಧಿಯು ಅಲ್ಲಿಯ ಕೆನ್ಸಲ್ ಗ್ರೀನ್ ಶ್ಮಶಾನದಲ್ಲಿದೆ. ಆತನು ಹೂಡಿದ ದಾವೆಯು ಮರಣಾನಂತರ 1860ರಲ್ಲಿ ವಜಾ ಆಯಿತು. ಅದೇ ವರ್ಷ ಗೌರಮ್ಮನು ಕ್ಯಾಂಬೆಲ್ ಎಂಬ ಸೈನ್ಯಾಧಿಕಾರಿಯನ್ನು ವರಿಸಿ, ಎಡಿತ್ ಎಂಬ ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಆಗ ಆಕೆಗೆ ಇಪ್ಪತ್ತಮೂರೂ ತುಂಬಿರಲಿಲ್ಲ. ಆಕೆ ಕೊಡಗನ್ನು ಒಮ್ಮೆಯೂ ಕಾಣಲಿಲ್ಲ.

ಈ ಅರಸನ ಗುಣದೋಷಗಳ ವಿಮರ್ಶೆ ಇಲ್ಲಿ ಪ್ರಕೃತವಲ್ಲ. ಅನುಮತಿಯನ್ನು ಬೇಡಿದವನು ತಂದೆ; ಕಾರ್ಯವಿದ್ದುದೂ ತಂದೆಗೆ. ಆದರೆ ಆ ದೇಶವು ಹಿಡಿದುಕೊಂಡುದು ಮಗಳನ್ನು. ತಂದೆಯ ದಾವೆಯು ಎಂಟು ವರ್ಷಗಳ ಕಾಲ ನಡೆಯುತ್ತಿದ್ದಾಗ ಮಗಳ ಬಾಲ್ಯವು ಅದಕ್ಕಾಗಿ ಕಾದು ನಿಲ್ಲಲಿಲ್ಲ.

ಅರಸುಗಳ ಮಾತು ಹಾಗಿರಲಿ. ಕೊಡಗು ಕುಂಪಣಿಯ ವಶವಾದ 1834ನೆಯ ವರ್ಷದಲ್ಲಿಯೇ ಭಾರತದ ಕೂಲಿಕಾರರನ್ನು ಕರಾರಿನ ಮೇಲೆ ಮಾರಿಷಸ್ ದ್ವೀಪಕ್ಕೆ ಒಯ್ಯುವ ಪದ್ಧತಿಯು ಬೇರೂರಿತು. ‘ಅಗ್ರಿಮೆಂಟು’ ಎಂಬ ಮಾತೇ ಆ ಬಡಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಐದು ವರ್ಷಗಳ ಕರಾರು ಮುಗಿದ ಮೇಲೆ ಮರಳಿದವರಿದ್ದರು. ಮರಳದೆ ನಿಂತವರ ಸಂತತಿಯು ಮಾರಿಷಸ್, ಫಿಜಿ ಮೊದಲಾದ ದ್ವೀಪಗಳಲ್ಲಿ ಇಂದಿಗೂ ಇದೆ.

ಹೊರಗಿನ ಮಾತೇಕೆ? ನಮ್ಮ ಕೊಡಗೇ ಅವಧಿಯ ಕೆಲಸಕ್ಕೆ ಬಂದವರ ದುಡಿಮೆಯಿಂದ ಬೆಳೆದ ನಾಡು. 1854ರಲ್ಲಿ ಫೌಲರ್ ಎಂಬಾತನು ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲನೆಯ ಕಾಫಿಯ ತೋಟವನ್ನು ಹಾಕಿದ ಬಳಿಕ, ಮೇಸ್ತ್ರಿಗಳು ಮೈಸೂರು ಸೀಮೆಯಿಂದ ಮುಂಗಡ ಕೊಟ್ಟು ಆಳುಗಳನ್ನು ಕರೆತರತೊಡಗಿದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಶಿಕ್ಷಿಸಲು 1859ರ ಕಾಯಿದೆಯು ಅವಕಾಶ ಕೊಟ್ಟಿತು. ಅದು ರದ್ದಾದುದು 1925ರ ಕಾಯಿದೆಯಿಂದ. ಹಂಗಾಮಿಗೆಂದು ಬಂದವರ ಮೊಮ್ಮಕ್ಕಳು ಇಂದು ತೋಟಗಳ ಲೈನ್‌ಮನೆಗಳಲ್ಲಿ ಇದ್ದಾರೆ. ಈಚೆಗೆ ಅಸ್ಸಾಮಿನಿಂದಲೂ ಜನರು ಬರುತ್ತಿರುವರು. ನಾವು ಶಾಲೆಯಲ್ಲಿದ್ದಾಗ, ಕೊಯ್ಲಿನ ಕಾಲಕ್ಕೆ ತಂದೆತಾಯಿಯರೊಡನೆ ಬಂದ ಲೈನಿನ ಮಕ್ಕಳು ಹಾಜರಿಪುಸ್ತಕದಲ್ಲಿ ಸೇರಿ, ಕಾಗುಣಿತವನ್ನು ಕಲಿಯುವಷ್ಟರಲ್ಲಿ ಬೇರೆ ತೋಟಕ್ಕೆ ಹೋಗಿಬಿಡುತ್ತಿದ್ದರು. ಆ ಹೆಸರುಗಳ ಮೇಲೆ ಕೆಂಪು ಶಾಯಿಯ ಗೆರೆಯನ್ನು ಎಳೆಯುವಾಗ ನಮಗೆ ಅಷ್ಟೇನೂ ವ್ಯಥೆಯಾಗುತ್ತಿರಲಿಲ್ಲವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಈಗ ನಮ್ಮ ಮಕ್ಕಳು ಹಿಡಿದುಕೊಂಡು ಹೋಗುವ ಪತ್ರದ ಸಂಗತಿ. ಅಮೆರಿಕಾದ 1952ರ ವಲಸೆಯ ಕಾಯಿದೆಯಲ್ಲಿ ತಾತ್ಕಾಲಿಕ ಉದ್ಯೋಗಿಗಳಿಗೆ ‘ಎಚ್’ ಎಂಬ ವರ್ಗವು ಏರ್ಪಟ್ಟಿತು. 1965ರ ಕಾಯಿದೆಯು ಜನ್ಮದೇಶದ ಮೇಲೆ ನಿಂತಿದ್ದ ಹಳೆಯ ಪಾಲುಪದ್ಧತಿಯನ್ನು ತೆಗೆದುಹಾಕಿದುದರಿಂದ ಭಾರತದ ವೈದ್ಯರಿಗೂ ಇಂಜಿನಿಯರುಗಳಿಗೂ ಬಾಗಿಲು ತೆರೆಯಿತು. 1990ರ ಕಾಯಿದೆಯು ವಿಶೇಷ ವಿದ್ಯೆಯುಳ್ಳವರಿಗಾಗಿ ‘ಎಚ್-1ಬಿ’ಯನ್ನು ಏರ್ಪಡಿಸಿ, ವರ್ಷಕ್ಕೆ 65,000 ಎಂದು ಮಿತಿಯಿಟ್ಟು, ಒಮ್ಮೆಗೆ ಮೂರು ವರ್ಷ, ಒಟ್ಟು ಆರು ವರ್ಷವೆಂದು ಅವಧಿಯನ್ನು ಗೊತ್ತುಮಾಡಿತು. ಅಷ್ಟರಲ್ಲಿ ಬೆಂಗಳೂರು ಸಿದ್ಧವಾಗಿದ್ದಿತು: 1983ರಲ್ಲಿ ಇನ್ಫೋಸಿಸ್ ಸಂಸ್ಥೆಯು ಅಲ್ಲಿಗೆ ಬಂದಿದ್ದಿತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಶಾಖೆಯನ್ನು ತೆರೆದಿದ್ದಿತು. 2000ನೆಯ ಇಸವಿ ಹುಟ್ಟುವಾಗ ಗಣಕಯಂತ್ರಗಳು ತಾರೀಖನ್ನು ತಪ್ಪಾಗಿ ಎಣಿಸಬಹುದೆಂಬ ಭೀತಿಯಿಂದ ಗಣಕತಜ್ಞರಿಗೆ ಬೇಡಿಕೆ ಹೆಚ್ಚಿತು. ಮಿತಿಯನ್ನು ಕೆಲವು ವರ್ಷಗಳ ಮಟ್ಟಿಗೆ 1,95,000ಕ್ಕೆ ಏರಿಸಿದರು. ಅದೇ 2000ದಲ್ಲಿ ಅಮೆರಿಕಾದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ವು ಹ್ಯೂಸ್ಟನ್ ನಗರದಲ್ಲಿ ಮೊದಲನೆಯ ವಿಶ್ವ ಕನ್ನಡ ಸಮ್ಮೇಳನವನ್ನು ನಡೆಸಿತು. ತಾತ್ಕಾಲಿಕವಾಗಿ ಹೋದವರು ಸಂಘಗಳನ್ನು ಕಟ್ಟಿಕೊಂಡು ಹಬ್ಬಗಳನ್ನು ಆಚರಿಸುವಷ್ಟು ನೆಲೆಯೂರಿದ್ದರು.

ಈ ಪತ್ರದ ಒಂದು ವಿಶೇಷವೆಂದರೆ, ಗಿರ್ಮಿಟಿಗನಿಗೂ ಮೇಸ್ತ್ರಿಯ ಆಳಿಗೂ ದೊರೆಯದಿದ್ದ ಸೌಕರ್ಯವಾಗಿ, ಹೆಂಡತಿಮಕ್ಕಳಿಗೆ ‘ಎಚ್-4’ ಎಂಬ ಬೇರೆಯ ಪತ್ರವು ದೊರೆಯುತ್ತದೆ. ಆದರೆ ಅದು ಸ್ವತಂತ್ರವಾದುದಲ್ಲ. ಮರವನ್ನು ಹಬ್ಬಿದ ಬಳ್ಳಿಯಂತೆ ಉದ್ಯೋಗಸ್ಥನ ಪತ್ರವನ್ನೇ ಅವಲಂಬಿಸಿದೆ. ಆತನ ಉದ್ಯೋಗವು ತಪ್ಪಿದರೆ ಬೇರೊಂದನ್ನು ಹುಡುಕಲು ಅರುವತ್ತು ದಿನಗಳ ಗಡುವು. ಅದು ಮೀರಿದರೆ ಮಕ್ಕಳ ಶಾಲೆಯ ವರ್ಷವು ಮುಗಿದಿರಲಿ, ಬಿಡಲಿ, ಎಲ್ಲರೂ ಹೊರಡಬೇಕು. ಪದವೀಧರೆಯಾದ ಪತ್ನಿಯು ದುಡಿಯುವಂತಿರಲಿಲ್ಲ. 2015ರಿಂದೀಚೆಗೆ, ಪತಿಯು ಖಾಯಂ ವಾಸದ ಸರದಿಯಲ್ಲಿ ಇಂತಿಷ್ಟು ದೂರ ಮುಂದುವರಿದಿದ್ದರೆ ಮಾತ್ರ, ಕೆಲವರಿಗೆ ಆ ಅವಕಾಶ ದೊರೆತಿದೆ. ನಮ್ಮ ಸೊಸೆಯು ಇಲ್ಲಿ ಅಧ್ಯಾಪಿಕೆಯಾಗಿದ್ದವಳು. ಅಲ್ಲಿ ಅನೇಕ ವರ್ಷ ಮನೆಯಲ್ಲಿಯೇ ಕುಳಿತುದನ್ನು ಆಕೆ ನಮ್ಮೊಡನೆ ದೂರಾಗಿ ಹೇಳಿದವಳಲ್ಲ.

ಆರು ವರ್ಷದ ಮಿತಿಯಿರುವಾಗ ಹನ್ನೆರಡು ಹದಿನೈದು ವರ್ಷ ಇರುವುದೆಂತು ಎಂದು ವಾಚಕರು ಕೇಳಬಹುದು. ಖಾಯಂ ವಾಸಕ್ಕೆ ಯೋಗ್ಯನೆಂದು ಒಪ್ಪಿಗೆ ಪಡೆದು ಸರದಿಯಲ್ಲಿ ನಿಂತವನು, 2000ದ ಕಾಯಿದೆಯ ಪ್ರಕಾರ, ಮೂರು ಮೂರು ವರ್ಷಗಳಂತೆ ಪತ್ರವನ್ನು ಬೆಳೆಸಿಕೊಳ್ಳಬಹುದು. ಉದ್ಯೋಗಮೂಲಕವಾದ ಖಾಯಂ ಪತ್ರಗಳು ವರ್ಷಕ್ಕೆ ಸುಮಾರು 1,40,000. ಹೆಂಡತಿಮಕ್ಕಳನ್ನೂ ಈ ಲೆಕ್ಕದಲ್ಲಿಯೇ ಹಿಡಿಯುವರು. ಯಾವುದೊಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದು. ಚಿಕ್ಕ ದೇಶಕ್ಕೂ ನಮ್ಮಂತಹ ದೊಡ್ಡ ದೇಶಕ್ಕೂ ಒಂದೇ ಅಳತೆಯಾದುದರಿಂದ ಭಾರತೀಯರ ಸರದಿಯು ದಶಕಗಳವರೆಗೆ ಉದ್ದವಾಗಿದೆ. ಸಾಲದುದಕ್ಕೆ, 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಹೊಸದಾಗಿ ಬರುವವರ ಅರ್ಜಿಗೆ 1,00,000 ಡಾಲರುಗಳ ಶುಲ್ಕವನ್ನು ವಿಧಿಸಿ ಅಲ್ಲಿಯ ಅಧ್ಯಕ್ಷರ ಘೋಷಣೆ ಹೊರಟಿತು. ಅದು ಒಳಗಿರುವವರಿಗೆ ಅನ್ವಯಿಸದೆಂದರೂ, ಆ ರಾತ್ರಿ ನಮ್ಮ ಮಗನು ನಿದ್ರಿಸಲಿಲ್ಲ.

ಸರದಿಯಲ್ಲಿ ತಂದೆಯು ಕಾಯಬಹುದು. ಮಗುವಿನ ವಯಸ್ಸು ಕಾಯದು. ಇಪ್ಪತ್ತೊಂದು ತುಂಬಿದೊಡನೆ ಮಗುವು ಕಾಯಿದೆಯ ದೃಷ್ಟಿಯಲ್ಲಿ ಮಗುವಲ್ಲ. 2002ರ ಕಾಯಿದೆಯೊಂದು ವಯಸ್ಸಿನ ಎಣಿಕೆಯಲ್ಲಿ ಕೊಂಚ ರಿಯಾಯಿತಿ ಕೊಟ್ಟಿರುವುದಾದರೂ ಇಷ್ಟು ದೀರ್ಘವಾದ ಸರದಿಗೆ ಅದು ಸಾಲದು. ತಂದೆಯ ಬಳ್ಳಿಯಿಂದ ಕಳಚಿಕೊಂಡ ಆ ಯುವಕನೋ ಯುವತಿಯೋ ವಿದ್ಯಾರ್ಥಿಪತ್ರವನ್ನು ಬೇರೆ ಪಡೆಯಬೇಕು, ಇಲ್ಲವೇ ದೇಶವನ್ನು ಬಿಡಬೇಕು. ನಮ್ಮ ಮೊಮ್ಮಗಳಿಗೆ ಆ ದಿನ ಬರಲು ಇನ್ನು ಕೆಲವೇ ವರ್ಷಗಳಿವೆ. ಆಕೆಯ ತಮ್ಮನು 2017ರಲ್ಲಿ ಅಲ್ಲಿಯೇ ಹುಟ್ಟಿ, ಜನ್ಮದಿಂದ ಆ ದೇಶದ ಪ್ರಜೆಯಾದನು. ಒಂದೇ ತಾಯಿಯ ಮಕ್ಕಳಿಬ್ಬರು ಒಂದೇ ಮೇಜಿನಲ್ಲಿ ಉಣ್ಣುತ್ತಿರುವಾಗ ಒಬ್ಬರಿಗೆ ಆ ನೆಲ ಸ್ವಂತ, ಇನ್ನೊಬ್ಬರಿಗೆ ಅವಧಿಯದು. ಐದನೆಯ ವಯಸ್ಸಿನಲ್ಲಿ ಹೋದ ಹಿರಿಯಳಿಗೆ ನೆನಪಿರುವ ಶಾಲೆಗಳೆಲ್ಲ ಅಲ್ಲಿಯವೇ.

ಮಗನ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ನಾವು ಆಕೆಯೊಡನೆ ಫೋನಿನಲ್ಲಿ ಮಾತನಾಡಿದೆವು. ‘ಮಗಳೇ, ಊರಿಗೆ ವಾಪಸು ಬರುವೆಯಾ?’ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜ, ನೀವು ವಾಪಸು ಅನ್ನುತ್ತೀರಿ. ಅಪ್ಪ ಅಮ್ಮ ವಾಪಸು ಬರುತ್ತಾರೆ. ನಾನು ಹೊಸದಾಗಿ ಬರಬೇಕು’ ಎಂದಳು. ಗೌರಮ್ಮನ ಚರಿತ್ರೆಯನ್ನು ಓದಿ ನಾವು ತಿಳಿದುಕೊಂಡುದನ್ನು ಆ ಹುಡುಗಿಯು ಓದದೆಯೇ ತಿಳಿದಿದ್ದಳು.

ಆದುದರಿಂದ ಬನ್ನಿರೆಂದೂ ಇರಿರೆಂದೂ ನಾವು ಬರೆಯಲಿಲ್ಲ. ತಂದೆಯ ಸರದಿಯ ತಾರೀಖನ್ನಲ್ಲ, ಮಗಳ ಹುಟ್ಟಿದ ತಾರೀಖನ್ನು ಮುಂದಿಟ್ಟುಕೊಂಡು ನಿಶ್ಚಯ ಮಾಡಬೇಕು, ಆ ನಿಶ್ಚಯದಲ್ಲಿ ಆಕೆಗೂ ಮಾತಿರಬೇಕು, ಎತ್ತ ಹೋದರೂ ದಿಕ್ಕುಗೆಡದಂತೆ ಕನ್ನಡದ ಓದುಬರಹವನ್ನು ಈಗಲೇ ಪೂರ್ತಿಮಾಡಿಸಬೇಕು, ಇಷ್ಟನ್ನೇ ಬರೆದೆವು. ವಾರಕ್ಕೆರಡು ದಿನ ಫೋನಿನಲ್ಲಿ ಪಾಠ ಹೇಳುವ ಹೊಣೆಯನ್ನು ನಾವು ಹೊತ್ತೆವು. ಒತ್ತಕ್ಷರಗಳು ಮುಗಿದಿವೆ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸಿರುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಅವಧಿ ಮುಗಿದು ಮರಳಿದವನನ್ನು ಸೋತು ಬಂದವನೆಂದು ನೋಡಬೇಡಿರಿ. ಮರಳದವನನ್ನು ಮನೆ ಮರೆತವನೆಂದು ಜರೆಯಬೇಡಿರಿ. ಮತ್ತು, ನಮ್ಮ ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಈ ಹಂಗಾಮಿಗೆಂದು ಬಂದವರ ಮಕ್ಕಳಿದ್ದರೆ, ಕೊಯ್ಲು ಮುಗಿಯುವ ಮೊದಲೇ ಅವರ ಹೆಸರನ್ನು ಹತ್ತಿರದ ಶಾಲೆಯಲ್ಲಿ ಬರೆಯಿಸಿರಿ.