ದಾರಿ ಬಿಡುವ ಧರ್ಮ

ಎದುರಾದವರಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬ ವಿಚಾರವು ಬಹು ಪುರಾತನವಾದುದು. ಗಾಲಿಯ ವಾಹನದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ಅರಸು, ಮದುವಣಿಗ ಇವರಿಗೆ ದಾರಿ ಬಿಡತಕ್ಕದ್ದೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಅರಸನೂ ಸ್ನಾತಕನೂ ಎದುರಾದರೆ ಅರಸನೇ ಗೌರವ ತೋರಬೇಕು. ವೃದ್ಧನೂ ರೋಗಿಯೂ ಹೊರೆಯವನೂ ಈ ಸಾಲಿನಲ್ಲಿ ಸೇರಿರುವುದು ಅವರ ಕಷ್ಟದ ದೆಸೆಯಿಂದ.

ಗಾಲಿಗೆ ಕೊಟ್ಟ ಮನ್ನಣೆಯು ಬಂಡಿಯ ಕಾಲಕ್ಕೆ ಸಲ್ಲುತ್ತಿದ್ದಿತು. ಹೇರು ತುಂಬಿದ ಬಂಡಿಯನ್ನು ಓರೆಮಾಡುವುದಕ್ಕಿಂತ ನಡೆಯುವವನು ಸರಿಯುವುದೇ ಸುಲಭ. ಈಗಲಾದರೋ ಚನ್ನರಾಯಪಟ್ಟಣದ ತೆಂಗಿನಕಾಯಿಯೂ ಅರಕಲಗೂಡಿನ ಆಲೂಗೆಡ್ಡೆಯೂ ಲಾರಿಯೇರಿ ಸಾಗುತ್ತವೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಲಾರಿ, ಬಸ್ಸು, ಕಾರು, ಸೈಕಲ್ಲು, ಪಾದಚಾರಿ ಎಲ್ಲರೂ ಒಂದೇ ದಾರಿಯ ಪಾಲುಗಾರರು.

ವೇಗವು ಹೆಚ್ಚಿದ ಮೇಲೆ ವಿಧಿಯೂ ತಿರುಗಿತು. 1989ರ ರಸ್ತೆ ನಿಯಮಗಳು ವಾಹನವು ಎಡಕ್ಕೆ ಸಾಗಬೇಕೆಂದೂ, ಪಾದಚಾರಿಗಳು ದಾಟುವ ಪಟ್ಟೆಯ ಬಳಿ ಎಚ್ಚರದಿಂದ ನಡೆಯಬೇಕೆಂದೂ, ಆಂಬುಲೆನ್ಸಿಗೆ ದಾರಿ ಬಿಡಬೇಕೆಂದೂ ವಿಧಿಸಿದವು. 2019ರ ತಿದ್ದುಪಡಿಯಲ್ಲಿ ಆಂಬುಲೆನ್ಸಿಗೆ ದಾರಿ ಕೊಡದವನಿಗೆ ಹತ್ತು ಸಾವಿರ ರೂಪಾಯಿ ದಂಡವೋ ಆರು ತಿಂಗಳವರೆಗೆ ಸೆರೆಯೋ ಎರಡೂ ಸೇರಿಯೋ ಗೊತ್ತಾದವು. ಮನುವಿನ ರೋಗಿ ಇಲ್ಲಿಯೂ ಇದ್ದಾನೆ.

ಸೈಕಲ್ಲಿನವನ ಸ್ಥಿತಿಯು ವಿಚಿತ್ರವಾದುದು. ಅವನಿಗೆ ಗಾಲಿಯುಂಟು, ಕವಚವಿಲ್ಲ. 2006-07ರಿಂದ ಹಲವು ವರ್ಷ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಹೊಳೆನರಸೀಪುರದ ಕಡೆಯ ಹಳ್ಳಿಯ ಹುಡುಗಿಯೂ ಹೆದ್ದಾರಿಯ ಪಾಲುಗಾರ್ತಿಯಾದಳು. ಅವಳು ಎಡಬದಿಯನ್ನು ಬಿಡದೆ, ತಿರುಗುವ ಮುನ್ನ ಕೈ ತೋರಿಸಿ, ಇರುಳಿನಲ್ಲಿ ದೀಪವಿಟ್ಟು ಸಾಗುವುದು ಅವಳ ಧರ್ಮ. ಹಿಂದಿನಿಂದ ಬರುವ ಮೋಟಾರಿನವನು ಹಾರನ್ನಿನಿಂದ ಬೆದರಿಸದೆ, ಸಾಕಷ್ಟು ಎಡೆಬಿಟ್ಟು ದಾಟುವುದು ಅವನ ಧರ್ಮ. ಇಬ್ಬರಲ್ಲಿ ಯಾರು ತಪ್ಪಿದರೂ ಪ್ರಾಣಕ್ಕೆ ಅಪಾಯವು ಅವಳಿಗೇ ಹೆಚ್ಚು. ಆದಕಾರಣ ಬಲಶಾಲಿಯೇ ಮೊದಲು ತಾಳತಕ್ಕದ್ದು.