ಎರಡು ನೆಲಗಳ ನಡುವಣ ಮರ

ನಮ್ಮ ಮನೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಂಬ, ಬೋದಿಗೆ, ತೊಲೆ, ಕೆತ್ತನೆಯ ಬಾಗಿಲು ಇವುಗಳನ್ನು ವರ್ಣಿಸುವುದುಂಟು. ಕಾಲ ಕೆಳಗಿರುವ ಒಂದು ಮರದ ತುಂಡಿನ ಕಡೆಗೆ ಅವರ ಗಮನ ಹೋಗುವುದು ಅಪರೂಪ. ಒಂದು ಕೋಣೆಯ ನೆಲ ಮುಗಿದು ಇನ್ನೊಂದರ ನೆಲ ಮೊದಲಾಗುವ ಎಡೆಯಲ್ಲಿ ಈ ಮರವು ಅಡ್ಡಲಾಗಿ ಮಲಗಿರುತ್ತದೆ. ಹಿರಿಯರು ಇದನ್ನು ಹೊಸ್ತಿಲು ಎಂದರು, ಹೊಸಲು ಎಂದರು. ಇದರ ಕಿರಿಯ ರೂಪವನ್ನು ನಾವು ಬರಿಯ ಪಟ್ಟಿ ಎನ್ನುತ್ತೇವೆ. ಹೊಸ್ತಿಲು ಪಟ್ಟಿಯಾದ ಬಗೆ ಯಾವುದು, ಆ ಪಟ್ಟಿಯನ್ನು ಮನೆಯಲ್ಲಿಯೇ ಮಾಡಿ ಕೂರಿಸುವ ಕ್ರಮವೇನು, ಈ ಮಾರ್ಪಾಟಿನಿಂದ ನಮಗಾದ ನಷ್ಟವೆಷ್ಟು ಲಾಭವೆಷ್ಟು ಎಂಬುದೇ ಪ್ರಕೃತ ವಿಷಯ.

ಮೊದಲು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಬಾಗಿಲಿನ ಅಳತೆಗಳನ್ನು ಕೊಟ್ಟಿದ್ದಾನೆ. ಬಾಗಿಲು ಎಷ್ಟು ಮೊಳ ಎತ್ತರವೋ ಎರಡು ಪಕ್ಕದ ನಿಲುವುಗಳು ಅಷ್ಟು ಅಂಗುಲ ದಪ್ಪವಿರಬೇಕು. ಮೇಲಣ ಮತ್ತು ಕೆಳಗಣ ಅಡ್ಡಮರಗಳು ಅದರ ಒಂದೂವರೆಯಷ್ಟು ದಪ್ಪವಿರಬೇಕು. ನಾಲ್ಕು ಮೊಳದ ಬಾಗಿಲಿಗೆ ನಿಲುವು ನಾಲ್ಕು ಅಂಗುಲವಾದರೆ ಹೊಸ್ತಿಲು ಆರು ಅಂಗುಲವಾಯಿತು. ಈ ಅಡ್ಡಮರಗಳಿಗೆ ಅವನು ಕೊಡುವ ಹೆಸರು ಉದುಂಬರ. ಅತ್ತಿಯ ಮರಕ್ಕೂ ಅದೇ ಹೆಸರು. ಅಮರಕೋಶದಲ್ಲಿ ಹೊಸ್ತಿಲಿಗೆ ದೇಹಲೀ ಎಂಬ ಮಾತಿದೆ. ಅದಲ್ಲದೆ ಬಾಗಿಲಿನ ಕೆಳಗಣ ಮರಕ್ಕೆ ಶಿಲಾ ಎಂಬ ಇನ್ನೊಂದು ಹೆಸರನ್ನೂ ಅಮರಸಿಂಹನು ಹೇಳಿದ್ದಾನೆ. ಮರಕ್ಕೆ ಕಲ್ಲಿನ ಹೆಸರು ಬಂದುದು ಅದು ಹೊರತಕ್ಕ ಭಾರಕ್ಕೆ ಒಪ್ಪುವಂತಿದೆ. ದಿನವೂ ನೂರಾರು ಹೆಜ್ಜೆಗಳ ತುಳಿತ, ನೆಲದ ತೇವ, ಗೆದ್ದಲಿನ ಭಯ, ಎರಡು ನಿಲುವುಗಳು ದೂರ ಸರಿಯದಂತೆ ಹಿಡಿದಿರುವ ಹೊಣೆ, ಇವೆಲ್ಲವೂ ಈ ಒಂದು ಮರದ ಪಾಲಿಗೆ ಬಂದಿವೆ.

ಇಂತಹ ಮರಕ್ಕೆ ಪೂಜೆಯೂ ಸಂದಿತು. ಅರಿಸಿನ ಕುಂಕುಮವಿಲ್ಲದ ಹೊಸ್ತಿಲು ಹಬ್ಬದ ದಿನ ನಮ್ಮ ಕಣ್ಣಿಗೆ ಬರಿದಾಗಿ ಕಾಣುತ್ತದೆ. ಮಾರ್ಗಶಿರ ಮಾಸದ ಹುಣ್ಣಿಮೆಗೆ ಹೊಸ್ತಿಲ ಹುಣ್ಣಿಮೆ ಎಂದೇ ಹೆಸರು. ಹೊಸದಾಗಿ ಬಂದ ಸೊಸೆ ಅಕ್ಕಿಯ ಪಾತ್ರೆಯನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರುವುದು ಇಲ್ಲಿಯೇ. ಒಳಗೂ ಅಲ್ಲದ ಹೊರಗೂ ಅಲ್ಲದ ಎಡೆಯನ್ನು ಹುಡುಕಿದ ನರಸಿಂಹನು ಹಿರಣ್ಯಕಶಿಪುವನ್ನು ಕೊಂದುದೂ ಹೊಸ್ತಿಲ ಮೇಲೆಯೇ. 12ನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಮನೆಯೊಡೆಯನು ಇಲ್ಲವೆಂಬುದಕ್ಕೆ ಗುರುತಾಗಿ ಬಂದಿರುವುದು ಹುಲ್ಲು ಬೆಳೆದ ಹೊಸ್ತಿಲು. ಹೊಸ್ತಿಲಲ್ಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುವುದೆಂಬುದನ್ನು ಕಂಡು ಶಾಸ್ತ್ರಕಾರರು ದೇಹಲೀದೀಪನ್ಯಾಯ ಎಂಬ ಮಾತನ್ನೇ ಮಾಡಿಕೊಂಡರು. ಹೊಸ್ತಿಲ ಮೇಲೆ ಕೂರಬಾರದು, ಅದನ್ನು ತುಳಿಯದೆ ದಾಟಬೇಕು ಎಂಬ ಹಿರಿಯರ ಮಾತು ಆಚಾರವೆಂದು ಬಂದುದು. ಆದರೂ ಅದರಿಂದ ಮರ ಸವೆಯುವುದು ತಪ್ಪಿತು, ನಿಲುವುಗಳ ಬೆಸುಗೆ ಸಡಿಲವಾಗುವುದು ತಪ್ಪಿತು ಎಂಬುದನ್ನು ನಾವು ಮರೆಯಲಾಗದು.

ಹಳೆಯ ತೊಟ್ಟಿಮನೆಯಲ್ಲಿ ಈ ಮರದ ಉಪಯೋಗ ಸ್ಪಷ್ಟವಾಗಿತ್ತು. ನೆಲ ಮಣ್ಣಿನದು, ಸಗಣಿಯಿಂದ ಸಾರಿಸಿದ್ದು. ಸಾರಿಸಿದ ನೀರು ಪಕ್ಕದ ಕೋಣೆಗೆ ಹರಿಯದಂತೆ, ಬೀದಿಯ ಧೂಳೂ ಹುಳುಹುಪ್ಪಟೆಗಳೂ ಒಳಗೆ ಬಾರದಂತೆ ಎತ್ತರವಾದ ಹೊಸ್ತಿಲು ತಡೆಯುತ್ತಿತ್ತು. ವರ್ಷ ವರ್ಷವೂ ಮಣ್ಣು ಮೆತ್ತಿ ನೆಲ ಸ್ವಲ್ಪ ಏರಿದರೂ ಹೊಸ್ತಿಲಿನ ಎತ್ತರ ಅದನ್ನು ನುಂಗಿಕೊಳ್ಳುತ್ತಿತ್ತು. ಎರಡು ಕೋಣೆಗಳ ನೆಲ ಒಂದೇ ಮಟ್ಟದಲ್ಲಿ ಇಲ್ಲದಿದ್ದರೂ ಯಾರಿಗೂ ತೊಂದರೆಯಿರಲಿಲ್ಲ; ಹೇಗೂ ಕಾಲೆತ್ತಿಯೇ ದಾಟಬೇಕಾಗಿತ್ತಷ್ಟೆ.

ಈ ಸ್ಥಿತಿಯನ್ನು ಬದಲಾಯಿಸಿದ್ದು ನೆಲಗಳ ಬದಲಾವಣೆ. ಗಾರೆಯ ನೆಲ, ಕಲ್ಲುಚಪ್ಪಡಿಯ ನೆಲ ಮೊದಲೇ ಇದ್ದವು. ಆದರೆ ಅವು ಉಳ್ಳವರ ಮನೆಗಳ ಮಾತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಮಾಡಿನ ಹೆಂಚಿನೊಡನೆ ನೆಲಕ್ಕೆ ಹಾಸುವ ಬಿಲ್ಲೆಗಳೂ ಬಂದವು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು 1824ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ನಮ್ಮ ದೇಶದಲ್ಲಿಯೇ, ಪೋರಬಂದರಿನಲ್ಲಿ, 1914ರಿಂದ ತಯಾರಾಗತೊಡಗಿತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಬೆಳೆದವು. ಗಾಳಿ, ಬೆಳಕು, ತೊಳೆಯಲು ಬರುವ ಗಟ್ಟಿ ನೆಲ, ಇವು ಆರೋಗ್ಯದ ಲಕ್ಷಣಗಳೆಂಬ ಭಾವನೆ ಹಬ್ಬಿತು. ಕೆಂಪು ಬಣ್ಣ ಬೆರಸಿ ನಯವಾಗಿ ತಿಕ್ಕಿದ ಸಿಮೆಂಟಿನ ನೆಲ ಮಧ್ಯಮ ವರ್ಗದ ಮನೆಯ ಹೆಮ್ಮೆಯಾಯಿತು.

ಆದರೆ ಗೃಹಸ್ಥನಾದವನು ಇಡೀ ಮನೆಯ ನೆಲವನ್ನು ಒಂದೇ ಸಲ ಮಾಡಿಸಬಲ್ಲನೆ? ಈ ವರ್ಷ ನಡುಮನೆ, ಮುಂದಿನ ವರ್ಷ ಅಡಿಗೆಮನೆ, ಮಗಳ ಮದುವೆ ಕಳೆದ ಮೇಲೆ ಕೋಣೆ, ಹೀಗೆ ನಡೆಯತಕ್ಕದ್ದು. ಹಳೆಯ ನೆಲದ ಮೇಲೆಯೇ ಹೊಸದನ್ನು ಹಾಸಿದ್ದರಿಂದ ನೆಲ ಏರಿತು, ಹೊಸ್ತಿಲು ಹೂತುಹೋಯಿತು, ಕದ ತೆರೆಯದಾಯಿತು. ಆಗ ಬಡಗಿ ಬಂದು ಒಳಬಾಗಿಲುಗಳ ಹೊಸ್ತಿಲನ್ನು ಕೊಯ್ದು ತೆಗೆದನು. ಹೊಸ್ತಿಲು ಹೋದೊಡನೆ ಅದು ಅಷ್ಟು ಕಾಲ ಮರೆಮಾಡಿದ್ದ ಸಂಗತಿ ಬಯಲಾಯಿತು. ಎರಡು ಬೇರೆ ಜಾತಿಯ ನೆಲಗಳು, ಎರಡು ಬೇರೆ ಮಟ್ಟಗಳಲ್ಲಿ, ಬರಿಯ ಅಂಚಿಗೆ ಅಂಚು ತಾಗಿ ನಿಂತವು. ಸಿಮೆಂಟಿನ ಅಂಚು ಉದುರಿತು. ಸಂದಿನಲ್ಲಿ ಕಸ ಸೇರಿ ಇರುವೆಗಳು ಮನೆಮಾಡಿದವು. ಎಲ್ಲಕ್ಕಿಂತ ಕೇಡೆಂದರೆ, ಹೊಸ್ತಿಲನ್ನು ಕಂಡು ಕಾಲೆತ್ತುತ್ತಿದ್ದ ವೃದ್ಧರು, ಕಾಣದ ಕಾಲಂಗುಲದ ಏರಿಗೆ ಎಡವಿ ಬೀಳುವಂತಾಯಿತು. ಪಟ್ಟಿಯ ಅಗತ್ಯ ಹುಟ್ಟಿದುದು ಹೀಗೆ.

ಪಟ್ಟಿಯನ್ನು ಮಾಡುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ನೇರವಾದ ಒಂದು ರೀಪನ್ನು ಎತ್ತರದ ನೆಲದ ಮೇಲಿಟ್ಟು ತಗ್ಗಿನ ನೆಲದ ಮೇಲೆ ಚಾಚಿ, ಕೆಳಗಿನ ಸಂದನ್ನು ಎರಡು ತುದಿಯಲ್ಲಿಯೂ ನಡುವೆಯೂ ಅಳೆಯಬೇಕು. ಮೂರೂ ಒಂದೇ ಇರುವುದು ಅಪರೂಪ. ಮರವು ಹಳೆಯದಾದಷ್ಟೂ ಒಳ್ಳೆಯದು. ಕಳಚಿದ ಬಾಗಿಲವಾಡದ ತೇಗ, ಹೊನ್ನೆ, ಹಲಸಿನ ತುಂಡುಗಳಿದ್ದರೆ ಅವಕ್ಕೆ ಸಮನಾದುದಿಲ್ಲ. ಹಸಿ ತೇಗವು ಪೂರ್ತಿ ಒಣಗುವಾಗ ಅಡ್ಡಗಲದಲ್ಲಿ ನೂರಕ್ಕೆ ಸುಮಾರು ಆರರವರೆಗೂ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಹತ್ತಾರು ಮಳೆಗಾಲ ಕಂಡ ಮರದಲ್ಲಿ ಈ ಆಟ ಬಹುಮಟ್ಟಿಗೆ ಅಡಗಿರುತ್ತದೆ.

ನೆಲಗಳ ಏರುತಗ್ಗು ಕಾಲು ಇಂಚು ಎಂದಿಟ್ಟುಕೊಳ್ಳೋಣ. ಮೂರು ಇಂಚು ಅಗಲ, ಅರ್ಧ ಇಂಚು ದಪ್ಪದ ಮರ ಸಾಕು. ಅದರ ಅಡಿಯಲ್ಲಿ, ಒಂದು ಉದ್ದಂಚಿನ ಗುಂಟ, ಒಂದು ಇಂಚು ಅಗಲಕ್ಕೆ ಕಾಲು ಇಂಚು ಆಳ ತೆಗೆಯಬೇಕು. ಹೀಗೆ ಉಳಿದ ತೆಳುವಾದ ಭಾಗ ಎತ್ತರದ ನೆಲದ ಅಂಚನ್ನು ಮುಚ್ಚುತ್ತದೆ. ದಪ್ಪ ಭಾಗ ತಗ್ಗಿನ ನೆಲದ ಮೇಲೆ ಕೂರುತ್ತದೆ. ಅನಂತರ ದಪ್ಪ ಭಾಗದ ಮೇಲ್ಮೈಯನ್ನು ಉಜ್ಜುಗೊರಡಿನಿಂದ ತಗ್ಗಿನ ಕಡೆಗೆ ಇಳಿಜಾರಾಗಿ ಕೀಸಬೇಕು. ಕೊನೆಯ ಅಂಚು ಇಂಚಿನ ಎಂಟನೆಯ ಒಂದು ಪಾಲಿಗಿಂತ ತೆಳುವಾದರೆ ಸೀಳುತ್ತದೆ. ಎರಡು ಅಂಚುಗಳನ್ನೂ ಬರಿಗಾಲಿಗೆ ನೋಯದಂತೆ ಮೊಂಡುಮಾಡಬೇಕು. ಬಾಗಿಲ ನಿಲುವುಗಳು ಮೂಲೆಮಟ್ಟಕ್ಕೆ ಸರಿಯಾಗಿ ನಿಂತಿರುವುದಿಲ್ಲವಾದ್ದರಿಂದ ತುದಿಗಳನ್ನು ಅಲ್ಲಿಯೇ ಇಟ್ಟು ಗುರುತುಹಾಕಿ ಕೊಯ್ಯುವುದು ಲೇಸು.

ಕೂರಿಸುವಾಗ ನೆನಪಿಡತಕ್ಕ ಮುಖ್ಯ ಮಾತೊಂದುಂಟು: ಪಟ್ಟಿಯನ್ನು ಒಂದೇ ನೆಲಕ್ಕೆ ಬಿಗಿಯಬೇಕು. ಎರಡಕ್ಕೂ ಬಿಗಿದರೆ, ನೆಲಗಳು ಒಂದೊಂದು ಒಂದೊಂದು ಬಗೆಯಲ್ಲಿ ಅಲುಗಿ, ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ, ತಿರುಪುಮೊಳೆಗಳ ಸಾಲಿನಲ್ಲಿಯೇ ಬಿರಿಯುತ್ತದೆ. ತಗ್ಗಿನ ನೆಲದಲ್ಲಿ ತೂತು ಕೊರೆದು, ಮರದ ಬೆಣೆಗಳನ್ನು ಬಡಿದು, ದಪ್ಪ ಭಾಗದ ಮೂಲಕ ಅವಕ್ಕೆ ಒಂದೇ ಸಾಲಿನಲ್ಲಿ ಮೂರು ನಾಲ್ಕು ತಿರುಪುಗಳನ್ನು ಹಾಕಿದರೆ ಸಾಕು. ತಲೆಗಳು ಮರದೊಳಕ್ಕೆ ಅಡಗಿರಬೇಕು. ಎತ್ತರದ ನೆಲದ ಕಡೆ ತುಸು ಸಂದು ಬಿಡಬೇಕು; ಮೇಲಿನ ತೆಳುಭಾಗ ಅದನ್ನು ಹೇಗೂ ಮುಚ್ಚಿರುತ್ತದೆ. ಬಿಗಿಯುವ ಮೊದಲೇ ಅಗಸೆ ಎಣ್ಣೆಯನ್ನು ಮೇಲೆ, ಕೆಳಗೆ, ತುದಿಗಳಿಗೆ ತಪ್ಪದೆ ಹಚ್ಚಬೇಕು. ಮೇಲಕ್ಕೆ ಮಾತ್ರ ಹಚ್ಚಿದ ಪಟ್ಟಿ ನೆಲ ಒರಸಿದ ನೀರನ್ನು ಅಡಿಯಿಂದ ಕುಡಿದು ದೋಣಿಯಂತೆ ಬಾಗುತ್ತದೆ.

ಹೊಸ್ತಿಲಿನ ಚರಿತ್ರೆಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟರೆ ಅರ್ಧವನ್ನೇ ಹೇಳಿದಂತಾದೀತು. ನೆಲಗಳನ್ನು ಕೂಡಿಸಿದ ಈ ಮರವೇ ಮನುಷ್ಯರನ್ನು ಬೇರ್ಪಡಿಸಿತು. ಅಸ್ಪೃಶ್ಯರೆಂದು ದೂರವಿಟ್ಟವರು ಅದರ ಹೊರಗೆ ನಿಲ್ಲಬೇಕಾಯಿತು. ಹೆಂಗಸು ಹೊಸ್ತಿಲು ದಾಟಿದಳೆಂಬುದು ನಿಂದೆಯ ಮಾತಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಕಟ್ಟಡಗಳು ಅವರ ಸಂಚಾರಕ್ಕೆ ಅನುಕೂಲವಾಗಿರಬೇಕೆಂದು ವಿಧಿಸಿತು. ಅಮೆರಿಕದ 2010ರ ಮಾನದಂಡವು ಹೊಸ ಕಟ್ಟಡಗಳ ಹೊಸ್ತಿಲು ಅರ್ಧ ಇಂಚನ್ನು ಮೀರಬಾರದೆಂದೂ, ಕಾಲು ಇಂಚಿನ ಮೇಲಣ ಭಾಗ ಇಳಿಜಾರಾಗಿರಬೇಕೆಂದೂ ಹೇಳುತ್ತದೆ. ನಾವು ಮೇಲೆ ವಿವರಿಸಿದ ಪಟ್ಟಿ ಈ ಅಳತೆಯೊಳಗೇ ಇದೆ. ಗಾಲಿಕುರ್ಚಿಯೂ, ಊರುಗೋಲೂ, ಅಂಬೆಗಾಲಿನ ಮಗುವೂ ಅದನ್ನು ದಾಟಬಲ್ಲವು.

ಎತ್ತರದ ಹೊಸ್ತಿಲು ಹೋಯಿತೆಂದು ಮರುಗುವ ಕಾರಣವಿಲ್ಲ. ಆದರೆ ಅದಕ್ಕೆ ಸಲ್ಲುತ್ತಿದ್ದ ಆರೈಕೆ ಪಟ್ಟಿಗೂ ಸಲ್ಲಬೇಕು. ಮುಂಬಾಗಿಲಿನ ಮರವನ್ನು ತೊಳೆದು ಅರಿಸಿನ ಹಚ್ಚುವ ಮನೆಗಳಲ್ಲಿಯೇ ಒಳಬಾಗಿಲಿನ ಸಂದಿಗೆ ಒಂದು ಹಿಡಿ ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುವುದನ್ನು ಕಾಣುತ್ತೇವೆ. ಆ ಸಿಮೆಂಟು ಕೆಲವು ಕಾಲದಲ್ಲಿಯೇ ಬಿರಿದು ಎದ್ದುಬರುತ್ತದೆ; ಎಡವುವವರು ಮನೆಯ ಹಿರಿಯರು. ಹಳೆಯ ಬಾಗಿಲಿನ ಒಂದು ತುಂಡು ಮರ, ಒಂದು ಮಧ್ಯಾಹ್ನದ ಕೆಲಸ, ವರ್ಷಕ್ಕೊಮ್ಮೆ ಸ್ವಲ್ಪ ಎಣ್ಣೆ, ಇಷ್ಟರಿಂದ ಅದು ತಪ್ಪುತ್ತದೆ. ಶ್ರೋತೃಗಳು ತಮ್ಮ ಮನೆಯ ಒಳಬಾಗಿಲುಗಳನ್ನು ಒಮ್ಮೆ ಬರಿಗಾಲಿನಲ್ಲಿ ದಾಟಿ ನೋಡಲಿ. ಎಲ್ಲಿ ಪಟ್ಟಿ ಬೇಕೆಂಬುದನ್ನು ಕಾಲೇ ತಿಳಿಸುತ್ತದೆ.